ಬಚ್ಚಲಿಗೆ ಹೋಗುವ ದೂರದ ದಾರಿ

ನಮ್ಮೂರಿಗೆ ಹೊಸಬರು ಬಂದು ‘ಬಸ್ ಸ್ಟ್ಯಾಂಡ್ ಎಷ್ಟು ದೂರ?’ ಅಂತ ಕೇಳಿದರೆ ನಾವು ‘ಯಾರಿಗೆ?’ ಅಂತ ತಿರುಗಿ ಕೇಳುತ್ತೇವೆ. ಕೊಬ್ಬಿನಿಂದಲ್ಲ. ತವರಿಗೆ ಹೊರಟ ಹೆಂಡತಿಗೆ ಬಸ್ ಸ್ಟ್ಯಾಂಡು ಮೂಲೆ ತಿರುಗಿದರೆ ಸಿಗುತ್ತದೆ. ಅವಳ ಹಿಂದೆ ಚೀಲ ಹೊತ್ತ ಗಂಡ ಅದೇ ಬಸ್ ಸ್ಟ್ಯಾಂಡಿಗೆ ಎರಡು ಕಡೆ ಕೂತು ನೀರು ಕುಡಿಯಬೇಕು. ಇಲ್ಲಿ ದಾರಿಗಳೇ ಹಾಗೆ, ನಡೆಯುವವರ ಮುಖ ನೋಡಿ ಉದ್ದವಾಗುತ್ತವೆ, ಮುಖ ನೋಡಿ ಗಿಡ್ಡವಾಗುತ್ತವೆ. ಪುರಸಭೆಯವರು ನೆಟ್ಟ ಮೈಲಿಗಲ್ಲುಗಳ ಮೇಲೆ ಏನೂ ಬರೆದಿಲ್ಲ. ಪಕ್ಕದಲ್ಲಿ ಒಂದು ಸೀಮೆಸುಣ್ಣವನ್ನು ದಾರಕ್ಕೆ ಕಟ್ಟಿ ನೇತುಹಾಕಿದ್ದಾರೆ, ಅವರವರದು ಅವರವರೇ ಬರೆದುಕೊಳ್ಳಲಿ ಅಂತ. ಹೋಂವರ್ಕ್ ಮಾಡದ ಮಕ್ಕಳು ಕೋಳಿ ಕೂಗುವ ಮೊದಲೇ ಶಾಲೆಗೆ ಹೊರಡುತ್ತಾರೆ. ಮಾಡಿದವರು ಗಂಟೆ ಹೊಡೆದ ಮೇಲೆ ನಿಧಾನಕ್ಕೆ ಹಲ್ಲುಜ್ಜುತ್ತಾರೆ. ಯಾವ ಹೊತ್ತಿಗೆ ನೋಡಿದರೂ ಬೀದಿಯಲ್ಲಿ ಕಾಲು ಎತ್ತಿ ಎತ್ತಿ ಇಡುತ್ತಾ, ನಿಂತಲ್ಲೇ ನಿಂತಂತೆ ಕಾಣುವವರು ಇಬ್ಬರು ಮೂವರು ಇರುತ್ತಾರೆ. ಅವರ ದಾರಿ ಅವತ್ತು ಉದ್ದ ಇರುತ್ತದೆ, ಅಷ್ಟೆ. ನಾವು ಪಕ್ಕದಿಂದ ದಾಟಿಕೊಂಡು ಹೋಗುತ್ತೇವೆ. ದಿಟ್ಟಿಸಿ ನೋಡುವುದು ಸಭ್ಯತೆಯಲ್ಲ.

ಇನ್ನೊಂದು ಮಾತು ಹೇಳಿಬಿಡಬೇಕು. ಕೈ ಹಿಡಿದುಕೊಂಡು ನಡೆದರೆ ಇಬ್ಬರಿಗೂ ಉದ್ದದ ದಾರಿಯೇ ಗತಿ. ಯಾರದು ಹೆಚ್ಚು ಉದ್ದವೋ ಅದನ್ನೇ ಇಬ್ಬರೂ ನಡೆಯಬೇಕು. ಅದಕ್ಕೇ ನಮ್ಮ ಬೀದಿಗಳಲ್ಲಿ ಯಾರೂ ಯಾರ ಕೈಯನ್ನೂ ಹಿಡಿಯುವುದಿಲ್ಲ. ಪರವೂರಿನವರು ಇದನ್ನು ಕಂಡು ಬಲು ಮರ್ಯಾದಸ್ಥರ ಊರು ಅಂತ ಹೊಗಳುತ್ತಾರೆ. ಮರ್ಯಾದೆಯೂ ಇಲ್ಲ, ಮಣ್ಣೂ ಇಲ್ಲ, ಕಾಲುನೋವಿನ ಭಯ. ಮದುವೆಯಲ್ಲಿ ಮಾತ್ರ ತಪ್ಪಿಸಿಕೊಳ್ಳುವಂತಿಲ್ಲ, ಗಂಡು ಹೆಣ್ಣು ಕೈ ಹಿಡಿದು ಸಪ್ತಪದಿ ತುಳಿಯಲೇಬೇಕು. ಒಂದು ಮದುವೆಯಲ್ಲಿ ಮನಸ್ಸಿಲ್ಲದ ಗಂಡೊಬ್ಬ ಸಿಕ್ಕಿಬಿದ್ದಿದ್ದ. ಬೆಳಗಿನ ಮುಹೂರ್ತ, ಮಧ್ಯಾಹ್ನದ ಊಟದ ಎಲೆ ಬಾಡಿದರೂ ಐದನೇ ಹೆಜ್ಜೆ ಮುಗಿದಿರಲಿಲ್ಲ. ಕೊನೆಗೆ ಮದುಮಗಳೇ ‘ಸಾಕು ಬಿಡ್ರೀ’ ಅಂತ ಕೈ ಕಿತ್ತುಕೊಂಡು ಎರಡು ಹೆಜ್ಜೆಗೆ ಊಟದ ಮನೆ ತಲುಪಿ ಪಾಯಸಕ್ಕೆ ಕೂತಳು. ನಾನೇ ಕಣ್ಣಾರೆ ಕಂಡಿದ್ದು. ನಾನು ಶಾಮಿಯಾನದ ಹಾಲೇಶ. ಊರಿನ ಮದುವೆ, ತಿಥಿ, ನಾಮಕರಣಗಳಿಗೆಲ್ಲ ಕುರ್ಚಿ, ಪಾತ್ರೆ, ನೀರಿನ ಡ್ರಮ್ಮು ಬಾಡಿಗೆಗೆ ಕೊಡುವವನು. ಇಡೀ ದಿನ ಕಂಬ ಹೊತ್ತು, ಮನೆಗೆ ಬಂದು, ಎಲ್ಲರೂ ಮಲಗಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅಲ್ಲಲ್ಲಿ ತೂಕಡಿಸಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮಗೆ ಒಬ್ಬಳೇ ಮಗಳು, ಸಿಂಚನ. ಕಾಲೇಜು ಊರಾಚೆ ಇದ್ದರೂ ಅವಳಿಗೆ ಯಾವತ್ತೂ ನಮ್ಮ ಗೇಟಿನ ಪಕ್ಕದಲ್ಲೇ ಇತ್ತು. ಬಾಯಲ್ಲಿ ದೋಸೆ ಇಟ್ಟುಕೊಂಡೇ ಹೋಗಿ ಹಾಜರಿ ಹೇಳುತ್ತಿದ್ದಳು. ಅಂಥವಳು ಒಂದು ದಿನ ಕೋಣೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಕಾಫಿ ಆರಿತ್ತು. ಮಾರನೇ ದಿನ ಬರುವಷ್ಟರಲ್ಲಿ ಕೆನೆ ಕಟ್ಟಿತ್ತು. ಆಮೇಲೆ ಕಾಫಿ ಕಾಯುವುದನ್ನೇ ಬಿಟ್ಟಿತು, ಅವಳಮ್ಮ ವನಜ ಲೋಟ ಹಿಡಿದು ಕೋಣೆಗೇ ಹೋಗತೊಡಗಿದಳು. ಕಾಲೇಜು ಎಷ್ಟು ದೂರ ಹೋಯಿತೆಂದರೆ ಅದರ ಹೆಸರು ಎತ್ತುವುದನ್ನೂ ಬಿಟ್ಟಳು. ನಾನು ಮೊದಲು ಗದರಿದೆ. ‘ಎಲ್ಲ ಮೊಬೈಲಿಂದ’ ಅಂದೆ. ಮೊಬೈಲು ಕಿಟಕಿಯ ಮೇಲಿತ್ತು. ಅಲ್ಲಿಗೂ ಅವಳು ಹೋಗುತ್ತಿರಲಿಲ್ಲ. ಕೊನೆಗೆ ಕೋಣೆಯಿಂದ ಬಚ್ಚಲಿಗೆ ಹೋಗುವುದೇ ದೊಡ್ಡ ಪ್ರಯಾಣವಾಯಿತು. ನಡುವೆ ಇರುವುದು ಒಂದು ಹಜಾರ, ಅದರಲ್ಲಿ ವನಜಳ ಹೊಲಿಗೆ ಯಂತ್ರ, ಗೋಡೆಗೆ ಒಂದು ಕ್ಯಾಲೆಂಡರು. ಬೆಳಿಗ್ಗೆ ಹೊರಟ ಹುಡುಗಿ ಕ್ಯಾಲೆಂಡರಿನ ಹತ್ತಿರ ಬರುವಾಗ ವನಜ ಒಂದು ರವಿಕೆ ಹೊಲಿದು ಗುಂಡಿಯನ್ನೂ ಹಾಕಿರುತ್ತಿದ್ದಳು.

ಸುದ್ದಿ ಕೇಳಿ ನನ್ನ ಅಕ್ಕ ನೀಲಮ್ಮ ಬಂದಳು. ಬೇರೆಯವರ ಮನೆಯ ಕಷ್ಟ ನಮ್ಮಕ್ಕನಿಗೆ ಯಾವಾಗಲೂ ಬಹಳ ಹತ್ತಿರ, ಎರಡೇ ಹೆಜ್ಜೆ. ಬಂದವಳೇ ‘ಲೋ ಹಾಲೇಶ, ಮಗೂಗೆ ಆಸೆ ಇಟ್ಟಿದೀರೋ ಇಲ್ವೋ?’ ಅಂದಳು.

ಆಸೆ ಇಡುವುದು ನಮ್ಮೂರಿನ ಹಳೆಯ ಪದ್ಧತಿ. ಯಾರಿಗಾದರೂ ಒಂದು ಜಾಗ ದೂರವಾದರೆ ಆ ತುದಿಯಲ್ಲಿ ಅವರಿಗೆ ಇಷ್ಟವಾದದ್ದನ್ನು ಇಡಬೇಕು, ದಾರಿ ತಾನೇ ಮುದುಡಿಕೊಳ್ಳುತ್ತದೆ. ಶಾಲೆಯ ಬಾಗಿಲಲ್ಲಿ ಬೋಂಡಾ ಗಾಡಿ ಇರುವುದು, ಕಂದಾಯ ಕಟ್ಟುವ ಕಿಟಕಿಯ ಪಕ್ಕ ಕಬ್ಬಿನ ಹಾಲಿನ ಯಂತ್ರ ಇರುವುದು ಅದಕ್ಕೇ. ನಾವೂ ಇಟ್ಟೆವು. ಬಚ್ಚಲಲ್ಲಿ. ಅಕ್ಕ ಕಾಯಿಹೋಳಿಗೆ ಮಾಡಿ ಹಂಡೆಯ ಮುಚ್ಚಳದ ಮೇಲಿಟ್ಟಳು. ವನಜ ಹೊಸ ಚೂಡಿದಾರ ಹೊಲಿದು ನಲ್ಲಿಗೆ ನೇತುಹಾಕಿದಳು. ನಾನು ಅಂಗಡಿಯಿಂದ ಸ್ಪೀಕರ್ ಬಾಕ್ಸ್ ತಂದು ಅವಳ ಇಷ್ಟದ ಹಾಡು ಹಾಕಿದೆ. ಎದುರುಮನೆಯವರು ‘ಚಿಕ್ಕೋಳಿದ್ದಾಗ ಆಡಿನ ಮರಿ ಅಂದ್ರೆ ಪ್ರಾಣ ಬಿಡ್ತಿದ್ಲು’ ಅಂತ ನೆನಪಿಸಿಕೊಂಡು ಒಂದು ಮರಿಯನ್ನೇ ತಂದು ಕಟ್ಟಿದರು. ಮರಿ ಹೋಳಿಗೆ ತಿಂದಿತು, ಚೂಡಿದಾರದ ಒಂದು ತೋಳು ತಿಂದಿತು, ಸೋಪನ್ನೂ ತಿಂದು ಬಾಯಲ್ಲಿ ನೊರೆ ಬಿಡುತ್ತಾ ಹಾಡಿಗೆ ತಲೆಯಾಡಿಸಿತು. ನಮಗ್ಯಾರಿಗೂ ಸ್ನಾನಕ್ಕೆ ಜಾಗವಿಲ್ಲ. ನಾನು ಅಂಗಡಿಯ ಹಿಂದೆ ಅನ್ನದ ಕೊಪ್ಪರಿಗೆಯಲ್ಲಿ ಕೂತು ಸ್ನಾನ ಮಾಡಿದೆ. ಬಾಡಿಗೆಗೆ ಕೊಡುವ ಮೊದಲು ಚೆನ್ನಾಗಿ ತಿಕ್ಕಿಸಿದ್ದೇನೆ, ಯಾರೂ ಗಾಬರಿಯಾಗಬೇಡಿ.

ಸಿಂಚನಳಿಗೆ ಬಚ್ಚಲು ಇನ್ನೂ ದೂರವಾಯಿತು.

‘ಏನೇ ಇದು, ಇಷ್ಟೆಲ್ಲ ಇಟ್ರೂ ಆಸೆ ಹುಟ್ಟಲ್ವಾ? ಮನಸ್ಸು ಸ್ವಲ್ಪ ಗಟ್ಟಿ ಮಾಡ್ಕೋಬೇಕಪ್ಪಾ. ನನಗೆ ಮೊಣಕಾಲು ನೋವಿದ್ರೂ ಓಡಾಡ್ತಿಲ್ವಾ?’ ಅಂದಳು ಅಕ್ಕ. ಸಿಂಚನ ಗೋಡೆಗೆ ಒರಗಿ ನಿಂತಿದ್ದಳು. ‘ಹೂಂ ಅತ್ತೆ’ ಅಂದಳು, ಅಷ್ಟೆ.

ದಾರಿ ಗಿಡ್ಡವಾಗದಿದ್ದರೆ ಬೇಡ, ಮಂಚವನ್ನೇ ಸರಿಸೋಣ ಅಂತ ನಾನು ತಲೆ ಓಡಿಸಿದೆ. ಕೆಲಸದ ಹುಡುಗರನ್ನು ಕರೆಸಿ ಮಂಚವನ್ನು ಬಚ್ಚಲಿನ ಬಾಗಿಲಿಗೇ ತಗುಲಿಸಿ ಹಾಕಿದೆ. ಕಾಲು ಚಾಚಿದರೆ ಬಚ್ಚಲು. ನನ್ನ ಜಾಣತನಕ್ಕೆ ನಾನೇ ಮೀಸೆ ತಿರುವಿಕೊಂಡೆ. ಮಾರನೇ ದಿನ ನೋಡಿದರೆ ದಿಂಬಿನಿಂದ ಮಂಚದ ಅಂಚಿಗೆ ಬರುವುದೇ ಅವಳಿಗೆ ದೂರವಾಗಿತ್ತು. ಹಾಸಿಗೆಯ ನಟ್ಟನಡುವೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಆಡಿನ ಮರಿ ಅವಳ ಕಾಲಿನ ಹತ್ತಿರ ಗೊರಕೆ ಹೊಡೆಯುತ್ತಿತ್ತು.

ಪಕ್ಕದಲ್ಲಿ ಕೂತು ‘ಏನವ್ವಾ, ಇನ್ನೇನಿಡ್ಲಿ ಹೇಳು’ ಅಂತ ಕೇಳಿದೆ. ಅವಳು ಬಚ್ಚಲಿನ ಬಾಗಿಲಿನ ಕಡೆ ನೋಡಿದಳು. ಆಮೇಲೆ ‘ಅಪ್ಪಾ, ಆ ಕಡೆ ಏನಿದೆ ಏನಿಲ್ಲ ಅಂತ ಅಲ್ಲ. ದಾರಿಯೇ ಅಷ್ಟಿದೆ. ನೀವೆಲ್ಲ ಆ ತುದೀಲಿ ನಿಂತ್ಕೊಂಡು ಬಾ ಬಾ ಅಂತೀರ. ನಂಗೆ ನೀವು ಕಾಣ್ಸೋದೂ ಇಲ್ಲ’ ಅಂದಳು.

ಆಗ ನನಗೆ ಅವಳ ಕೈ ಹಿಡಿಯಬೇಕು ಅನಿಸಿತು. ಅನಿಸಿದ ಕೂಡಲೇ ಹಿಡಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಸಂಜೆ ಒಂದು ಆರತಕ್ಷತೆಗೆ ಕುರ್ಚಿ ಇಳಿಸಬೇಕಿತ್ತು. ಹಿಡಿದರೆ ಅವತ್ತಿನ ಕೆಲಸ ಕೆಟ್ಟಿತು ಅನ್ನುವುದು ತಲೆಯಲ್ಲಿ ಬಂದು ಹೋಯಿತು. ಆಮೇಲೆ ಹಿಡಿದೆ.

ಹಜಾರ ಎಲ್ಲಿ ಹೋಯಿತೋ! ನಮ್ಮ ಕೆಂಪು ಗಾರೆಯ ನೆಲ ಉತ್ತು ಬಿಟ್ಟ ಹೊಲದ ಹಾಗೆ ಕಣ್ಣು ಹಾಯುವವರೆಗೆ ಹರಡಿಕೊಂಡಿತ್ತು. ಹೊಲಿಗೆ ಯಂತ್ರ ಆಚೆಯೂರಿನ ಗುಡ್ಡದ ಹಾಗೆ ಮಸುಕಾಗಿ ಕಾಣುತ್ತಿತ್ತು. ಕ್ಯಾಲೆಂಡರು ಒಂದು ಅಂಚೆಚೀಟಿ. ಅಲ್ಲಿಂದಾಚೆ ಬೀದಿ ಬಾಗಿಲು ಇರಬೇಕು, ಇದೆ ಅಂತ ನಂಬಬೇಕು. ಮದುವೆ ಚಪ್ಪರದವನಾಗಿ ಎಂಥೆಂಥ ಮೈದಾನ ಅಳೆದಿದ್ದೇನೆ, ಇಷ್ಟು ದೊಡ್ಡದನ್ನು ನೋಡಿರಲಿಲ್ಲ. ‘ಇದನ್ನ ನೀನು ದಿನಾ ನಡೀತಿದ್ಯಾ?’ ಅಂದೆ. ‘ಎಲ್ಲಾ ದಿನ ಅಲ್ಲ’ ಅಂದಳು.

ನಮ್ಮ ಬೀದಿಯ ಕೊನೆಯ ಆಸ್ಪತ್ರೆಗೆ ಮನಸ್ಸಿನ ಕಾಯಿಲೆಗೆ ಔಷಧ ಕೊಡುವ ಡಾಕ್ಟರಮ್ಮ ಗುರುವಾರ ಬರುತ್ತಾರೆ, ಯಶೋಧರಮ್ಮ ಅಂತ. ಅವರನ್ನೇ ಮನೆಗೆ ಕರೆಯೋಣವೆಂದು ಹೋದೆ. ‘ಬರಬಾರದು ಅಂತಲ್ಲ ಹಾಲೇಶಪ್ಪಾ’ ಅಂದರು, ‘ಇಲ್ಲಿ ಕೂತಿರೋರನ್ನ ನೋಡಿ. ಒಬ್ಬೊಬ್ರು ಎಷ್ಟು ದೂರದಿಂದ ನಡ್ಕೊಂಡು ಬಂದಿದಾರೋ. ಬಂದಾಗ ನಾನು ಕುರ್ಚೀಲಿ ಇಲ್ದೇ ಇದ್ರೆ ಅವರ ಗತಿ? ನೀವು ಹೇಳೋದು ಕೇಳಿದ್ರೆ ನಿಮ್ಮ ಮಗಳಿಗಿರೋದು ಸೋಮಾರಿತನ ಅಲ್ಲ, ಖಿನ್ನತೆ. ಜ್ವರದ ಹಾಗೆ ಅದೂ ಕಾಯಿಲೆ. ಕರ್ಕೊಂಡು ಬನ್ನಿ. ಎಷ್ಟೇ ಹೊತ್ತಾದ್ರೂ ನೀವು ಬರೋವರೆಗೂ ನಾನಿರ್ತೀನಿ.’

ಮುಂದಿನ ಗುರುವಾರ ನಸುಕಿಗೇ ಹೊರಟೆವು. ಮನೆಯಿಂದ ಆಸ್ಪತ್ರೆಗೆ ನನಗೆ ಒಂದು ಬೀಡಿ ಸೇದುವಷ್ಟು ದಾರಿ; ಆ ದಿನ ಎರಡು ನೀರಿನ ಕ್ಯಾನು, ಒಂದು ಡಬ್ಬಿ ಪುಳಿಯೋಗರೆ, ಮಡಿಸುವ ಕುರ್ಚಿ ಎರಡು, ಛತ್ರಿ. ಆಟೋ ದಸ್ತಗೀರನನ್ನು ಕರೆಸಿದ್ದೆ. ಹಜಾರಕ್ಕೆ ಬಂದು ಸಿಂಚನಳ ಬೆರಳನ್ನು ಒಂದು ಕ್ಷಣ ಮುಟ್ಟಿ, ಮುಂದೆ ಕಣ್ಣು ಹಾಯಿಸಿ, ಕೈ ತೆಗೆದ. ‘ಹಾಲೇಶಣ್ಣಾ, ಮೀಟರ್ ಮೇಲೆ ಆಗಲ್ಲ. ಹೊಸ್ತಿಲು ಬರೋಕೆ ಮುಂಚೆನೇ ಪೆಟ್ರೋಲ್ ಖಾಲಿ ಆಗುತ್ತೆ. ನಡುವೆ ಬಂಕ್ ಬೇರೆ ಇಲ್ಲ.’ ಅವನ ಮೇಲೆ ನನಗೆ ಸಿಟ್ಟಿಲ್ಲ. ಹೋಗುವಾಗ ತನ್ನ ಸೀಟಿನ ಸ್ಪಂಜು ಕಿತ್ತು ನಮ್ಮ ಕುರ್ಚಿಗೆ ಹಾಕಿಕೊಟ್ಟ.

ಕೈ ಹಿಡಿದು ನಡೆದೆವು. ಹೊರಗಿನ ಕಣ್ಣಿಗೆ ನಾವು ಹೇಗೆ ಕಂಡೆವು ಅಂತ ವನಜ ಆಮೇಲೆ ಹೇಳಿ ಹೇಳಿ ನಕ್ಕಳು: ಅಪ್ಪ ಮಗಳಿಬ್ಬರೂ ಕೈ ಹಿಡಿದುಕೊಂಡು ಹಜಾರದಲ್ಲಿ ನಿಂತಲ್ಲೇ ಪೊಲೀಸರ ಹಾಗೆ ಕವಾಯತು ಮಾಡುವುದು, ಆಗಾಗ ಕುರ್ಚಿ ಬಿಡಿಸಿ ಕೂರುವುದು, ಏಳುವುದು. ಅವಳು ನಮ್ಮ ಸುತ್ತ ಪೊರಕೆ ಆಡಿಸುತ್ತಾ ‘ರೀ, ಆ ಕಾಲು ಸ್ವಲ್ಪ ಎತ್ತಿ, ಕಸ ಇದೆ’ ಅಂದಿದ್ದು ನಮಗೆ ಎಲ್ಲೋ ದೂರದಿಂದ ಗಾಳಿಯಲ್ಲಿ ಬಂದ ಹಾಗೆ ಕೇಳಿಸಿತು. ಆಡಿನ ಮರಿ ನಮ್ಮನ್ನು ಹಿಂಬಾಲಿಸಿ, ನಾಲ್ಕು ನೆಗೆತಕ್ಕೆ ಬೀದಿ ತಲುಪಿ, ವಾಪಸ್ಸು ಬಂದು, ಮತ್ತೆ ಹೋಗಿ, ಬೇಸತ್ತು ಎದುರುಮನೆಗೆ ಹೋಯಿತು. ದಾರಿಯಲ್ಲಿ ನಾನು ನನಗೆ ಗೊತ್ತಿದ್ದ ಮದುವೆ ಜಗಳಗಳನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. ‘ಸುಮ್ನೆ ನಡಿ ಅಪ್ಪಾ, ಮಾತು ಕೇಳೋದೂ ಒಂದು ದೂರದ ದಾರಿ ಇದ್ದಂಗಿದೆ’ ಅಂದಳು. ಸುಮ್ಮನೆ ನಡೆದೆ. ನನ್ನಂಥ ಬಾಯಿಬಡುಕನಿಗೆ ಅದು ಕುರ್ಚಿ ಹೊರುವುದಕ್ಕಿಂತ ಕಷ್ಟ.

ಹೊಸ್ತಿಲು ದಾಟಿದೆವು, ಬೀದಿಗೆ ಬಿದ್ದೆವು. ಬಿಸಿಲು ಏರಿತ್ತು. ಅಂಗಡಿ ಸಾಲಿನವರು ದಿಟ್ಟಿಸದೆ, ಓರೆಗಣ್ಣಲ್ಲಿ ಮಾತ್ರ ನೋಡಿದರು. ಅರ್ಧ ಬೀದಿ ಕಳೆದಿರಬೇಕು, ನನ್ನ ಫೋನು ಬಡಿದುಕೊಂಡಿತು. ಅವತ್ತಿನ ಇನ್ನೊಂದು ಆರತಕ್ಷತೆಯ ಮನೆಯವರು. ‘ಏನ್ರೀ ಹಾಲೇಶ್, ನಿಮ್ಮ ಹುಡುಗ್ರು ಗಂಡಿಗೆ ಸಿಂಹಾಸನದ ಬದ್ಲು ತಿಥಿಯ ಬೆಂಚ್ ತಂದಿಟ್ಟಿದಾರಲ್ರೀ!’ ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಮಗಳು. ಯೋಚನೆಯೇ ಮಾಡದೆ ಮಗಳ ಕೈ ಬಿಟ್ಟು ಫೋನು ತೆಗೆದೆ. ‘ಬೆಂಚಿಗೆ ಜರಿ ಶಾಲು ಹೊದಿಸಿ ಸ್ವಾಮೀ’ ಅಂತ ಹೇಳುತ್ತಾ ಎರಡು ಹೆಜ್ಜೆ ಹಾಕಿದೆ ನೋಡಿ, ಆಸ್ಪತ್ರೆಯ ಗೇಟು ಹಣೆಗೆ ಬಡಿಯಿತು.

ಹಿಂದೆ ತಿರುಗಿದೆ. ಸಿಂಚನ ಅಲ್ಲೇ ಇದ್ದಳು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ. ಆದರೆ ಅವಳು ನೋಡುತ್ತಿದ್ದುದು ನನ್ನ ಕಡೆಗಲ್ಲ. ಅಂಗೈಯನ್ನು ಹುಬ್ಬಿನ ಮೇಲಿಟ್ಟುಕೊಂಡು, ಸಮುದ್ರದಲ್ಲಿ ದೋಣಿ ಹುಡುಕುವವರ ಹಾಗೆ ಎಲ್ಲೋ ಬಹಳ ದೂರ ನೋಡುತ್ತಿದ್ದಳು. ಆಮೇಲೆ ಕೈ ಇಳಿಸಿದಳು. ಬೀದಿಯ ನಡುವೆ ಕೂತುಬಿಟ್ಟಳು. ಒಂದು ಎತ್ತಿನ ಗಾಡಿ ಅವಳನ್ನು ಬಳಸಿಕೊಂಡು ಹೋಯಿತು.

ನನಗೆ ಅವಳಲ್ಲಿಗೆ ಒಂದೇ ನೆಗೆತ. ಹೋಗಿ ಕೈ ಹಿಡಿದೆ, ಬೀದಿ ಮತ್ತೆ ಮೈಲಿಗಟ್ಟಲೆ ಬಿಚ್ಚಿಕೊಂಡಿತು. ‘ಈಗಷ್ಟೇ ಬಿಟ್ನಲ್ಲವ್ವಾ, ಫೋನು ಬಂತು’ ಅಂದೆ. ‘ನಿಂಗೆ ಈಗಷ್ಟೇ’ ಅಂದಳು. ‘ನಂಗೆ ನೀನು ಮೊದ್ಲು ಚುಕ್ಕಿ ಆದೆ, ಆಮೇಲೆ ಚುಕ್ಕೀನೂ ಇರ್ಲಿಲ್ಲ. ಎಷ್ಟು ಹೊತ್ತು ಕಾದೆ ಅಂತ ಗೊತ್ತಾ? ಹೋಗ್ಲಿ ಅಪ್ಪಾ, ನಿಂಗೆ ಕೆಲಸ ಇದೆ. ಮನೆಗೆ ಹೋಗಿಬಿಡು. ನಾನು ಇಲ್ಲೇ ಇರ್ತೀನಿ. ಇಲ್ಲೂ ಪರವಾಗಿಲ್ಲ.’

ಆ ‘ಪರವಾಗಿಲ್ಲ’ ನನಗೆ ಸರಿ ಕಾಣಲಿಲ್ಲ. ಆಸೆ ಇಟ್ಟು ಕರೆಯುವ ಜಾಗವೂ ಅಲ್ಲ, ಗದರುವ ಜಾಗವೂ ಅಲ್ಲ. ಫೋನನ್ನು ಕ್ಯಾನಿನ ನೀರಿಗೆ ಹಾಕಿದೆ. ಗುಳುಗುಳು ಅಂತ ಎರಡು ಸಲ ರಿಂಗಾಗಿ ಸತ್ತಿತು. ಅವಳ ಪಕ್ಕದಲ್ಲಿ ಬೀದಿಯ ಮೇಲೇ ಚಕ್ಕಳಮಕ್ಕಳ ಹಾಕಿ ಕೂತೆ. ‘ಸರಿ, ನಾನೂ ಇಲ್ಲೇ ಇರ್ತೀನಿ. ಪುಳಿಯೋಗರೆ ಹಳಸೋಕೆ ಮುಂಚೆ ತಿನ್ನೋಣ’ ಅಂದೆ. ಎಡಗೈಯಲ್ಲಿ ಅವಳ ಕೈ, ಬಲಗೈಯಲ್ಲಿ ತುತ್ತು. ‘ಅಪ್ಪಾ, ಕುಡಿಯೋ ನೀರಿಗೆ ಫೋನ್ ಹಾಕಿದ್ಯಲ್ಲ’ ಅಂದಳು. ಹೌದಲ್ಲ! ಇನ್ನೊಂದು ಕ್ಯಾನಿತ್ತು, ಪುಣ್ಯ.

ನಾವು ಹೀಗೆ ಬೀದಿಯಲ್ಲಿ ಊಟಕ್ಕೆ ಕೂತಿರುವ ಸುದ್ದಿ ಹೋಗಿ ವನಜ ಬಂದಳು. ಅವಳ ಹಿಂದೆ ಅಕ್ಕ. ವನಜ ಮಾತಾಡದೆ ಮಗಳ ಇನ್ನೊಂದು ಕೈ ಹಿಡಿದಳು, ಮುಂದೆ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಕ್ಕ ಮಾತ್ರ ‘ನಂಗೆ ಮೊಣಕಾಲು...’ ಅಂತ ಶುರುಮಾಡಿದವಳು, ತಾನು ಬೀಳದಿರಲೆಂದು ವನಜಳ ತೋಳು ಹಿಡಿದಳೋ ಇಲ್ಲವೋ, ಬಾಯಿ ತೆರೆದುಕೊಂಡೇ ನಿಂತಳು. ‘ಅಯ್ಯೋ ಶಿವನೇ! ಇಷ್ಟು ದೂರಾನಾ! ಏನೇ ಹುಡುಗೀ, ಮೊದ್ಲೇ ಹೇಳ್ಬಾರ್ದಾ?’

‘ಹೇಳಿದ್ನಲ್ಲ ಅತ್ತೆ’ ಅಂದಳು ಸಿಂಚನ. ಅವಳ ಮೂಗಿನಿಂದ ಫಸಕ್ ಅಂತ ಒಂದು ಸದ್ದು ಬಂತು. ನಗುವೋ, ಪುಳಿಯೋಗರೆಯ ಕಡಲೆಬೀಜ ಸಿಕ್ಕಿಕೊಂಡಿತೋ, ನಾನು ವಿಚಾರಿಸಲು ಹೋಗಲಿಲ್ಲ. ಅವಳಾಗಿಯೇ ಎದ್ದಳು. ನಾನೂ ಎದ್ದೆ. ಮೈಲಿಗಲ್ಲಿನ ಹತ್ತಿರ ಬಂದಾಗ ಅಕ್ಕ ಸೀಮೆಸುಣ್ಣ ತೆಗೆದುಕೊಂಡು ಅದರ ಮೇಲೆ ‘ಬಹಳ’ ಅಂತ ದಪ್ಪಕ್ಷರದಲ್ಲಿ ಬರೆದಳು. ಇಡೀ ಬೀದಿ ನಾವು ನಾಲ್ಕು ಜನ ಕೈ ಕೈ ಹಿಡಿದು ಒಂದೇ ಕಡೆ ಕಾಲೆತ್ತಿ ಇಡುವುದನ್ನು ನೋಡಿತು. ಯಾವುದೋ ಹೊಸ ಕೋಲಾಟ ಅಂದುಕೊಂಡು ಒಬ್ಬ ಚಪ್ಪಾಳೆಯನ್ನೂ ತಟ್ಟಿದನಂತೆ.

ಆಸ್ಪತ್ರೆ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಜವಾನ ಬೀಗ ಹಿಡಿದು ನಿಂತಿದ್ದ, ಯಶೋಧರಮ್ಮ ಕುರ್ಚಿಯಲ್ಲಿ ಕೂತೇ ಇದ್ದರು. ನಮ್ಮನ್ನೆಲ್ಲ ಆಚೆ ಕಳಿಸಿ ಸಿಂಚನಳ ಹತ್ತಿರ ಬಹಳ ಹೊತ್ತು ಮಾತಾಡಿದರು. ಆಮೇಲೆ ಗುಳಿಗೆ ಬರೆದುಕೊಟ್ಟು, ‘ಇದು ಕೆಲಸ ಮಾಡೋಕೆ ಕೆಲವು ವಾರ ಬೇಕು. ಇವತ್ತು ನುಂಗಿ ನಾಳೆ ಕುಣಿ ಅನ್ಬೇಡಿ. ಅಲ್ಲೀವರೆಗೆ ಒಬ್ಬಳನ್ನೇ ಬಿಡ್ಬೇಡಿ, ಗುರುವಾರ ಮತ್ತೆ ಬನ್ನಿ’ ಅಂದರು. ಅಕ್ಕ ‘ಮತ್ತೇ?’ ಅಂದು ಗೋಡೆ ಹಿಡಿದುಕೊಂಡಳು.

ಮತ್ತೆ ಹೋದೆವು. ಮತ್ತೆ ಮತ್ತೆ ಹೋದೆವು. ಒಂದು ಗುರುವಾರ ಊಟದ ಡಬ್ಬಿ ಸಾಕಾಯಿತು, ಇನ್ನೊಂದು ಗುರುವಾರ ಮೊದಲ ದಿನಕ್ಕಿಂತ ದೂರವಾಗಿ ಹಜಾರದಲ್ಲೇ ಶಾಮಿಯಾನ ಹಾಕಿ ಕೂತೆವು. ಕೈ ಬಿಡದೆ ಗಂಟು ಹಾಕಬೇಕಲ್ಲ, ಅವಳು ಕಂಬ ಹಿಡಿದಳು, ನಾನು ಹಲ್ಲಿನಲ್ಲಿ ಹಗ್ಗ ಎಳೆದೆ. ಈಗ ಬಚ್ಚಲು ಅವಳಿಗೆ ಬಚ್ಚಲಿನಷ್ಟೇ ದೂರದಲ್ಲಿರುವ ದಿನಗಳು ಇವೆ. ಇಲ್ಲದ ದಿನಗಳೂ ಇವೆ. ಬೆಳಿಗ್ಗೆ ಎದ್ದು ‘ಇವತ್ತೆಷ್ಟು?’ ಅಂತ ನಾವು ಕೇಳುತ್ತೇವೆ, ಅವಳು ‘ಒಂದು ಕುರ್ಚಿ’, ‘ಎರಡು ಕುರ್ಚಿ’ ಅನ್ನುತ್ತಾಳೆ. ಅಷ್ಟನ್ನು ಬಿಡಿಸಿ ಹಾಕುತ್ತೇವೆ.

ಇವತ್ತು ನಡೆದದ್ದನ್ನು ಹೇಳಿ ಮಲಗುತ್ತೇನೆ. ಸತತ ಮದುವೆಗಳು, ನಿದ್ದೆಯಿಲ್ಲ. ಸಾಮಾನು ಇಳಿಸಿ ಅಂಗಡಿ ಮುಚ್ಚಿ ಸಂಜೆ ಮನೆಗೆ ಹೊರಟೆ. ಎಷ್ಟು ನಡೆದರೂ ಮನೆ ಬರಲೊಲ್ಲದು. ನಮ್ಮ ದೀಪ ಕಾಣುತ್ತದೆ, ಹತ್ತಿರವಾಗುವುದಿಲ್ಲ. ಯಾಕೆ ಅಂತ ನನಗೇ ಹೊಳೆಯಲಿಲ್ಲ, ಒಂದು ಕಂಬಕ್ಕೆ ಒರಗಿ ಸುಧಾರಿಸಿಕೊಂಡು ಮತ್ತೆ ನಡೆದೆ. ಗೇಟಿನಲ್ಲಿ ಸಿಂಚನ ನಿಂತಿದ್ದಳು. ಅಲ್ಲಿಂದಲೇ ನನ್ನ ಕಾಲನ್ನು ನೋಡಿದಳು, ಎತ್ತಿ ಎತ್ತಿ ಇಟ್ಟು ನಿಂತಲ್ಲೇ ಇದ್ದ ಕಾಲನ್ನು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಬಂದಳು, ನಾಲ್ಕೇ ಹೆಜ್ಜೆಗೆ. ‘ಕೊಡಪ್ಪಾ ಇಲ್ಲಿ’ ಅಂತ ನನ್ನ ಕೈ ಹಿಡಿದಳು. ಹಿಡಿದವಳು ಬೀದಿಯುದ್ದಕ್ಕೂ ನೋಡಿ, ನಮ್ಮಕ್ಕನ ಗಂಟಲಲ್ಲೇ ಕೂಗಿದಳು:

‘ಅಯ್ಯೋ ಶಿವನೇ! ಇಷ್ಟು ದೂರಾನಾ! ಮೊದ್ಲೇ ಹೇಳ್ಬಾರ್ದಾ?’

ಇಂದಿನ ಉದ್ದದ ದಾರಿ ನನ್ನದಾಗಿತ್ತು. ಅವಳು ಅದನ್ನು ಪೂರ್ತಿ ನಡೆದಳು. ನಡುವೆ ಒಂದು ಕಡೆ ಮನೆಯತ್ತ ತಿರುಗಿ ‘ಅಮ್ಮಾ, ಒಂದು ಕುರ್ಚಿ ತಗೊಂಡ್ಬಾ, ಅಪ್ಪಂಗೆ’ ಅಂತ ಕೂಗಿದಳು. ಕೈ ಮಾತ್ರ ಬಿಡಲಿಲ್ಲ.